ಹೌದು ಎನ್ನುವವರು ಹೌದು ಎನ್ನಿ

2025ರ ಮಾರ್ಚ್ 21, ಶುಕ್ರವಾರ. ಸಂಜೆ ಟೀವಿ ಹಾಕಿದರೆ ವಿಧಾನಸಭೆಯ ಮಾರ್ಷಲ್‌ಗಳು ಶಾಸಕರನ್ನು ಕೈಕಾಲು ಹಿಡಿದು ಹೊರಗೆ ಎತ್ತಿಕೊಂಡು ಹೋಗುತ್ತಿದ್ದರು. ಮದುವೆ ಮನೆಯಲ್ಲಿ ಅನ್ನದ ಕೊಪ್ಪರಿಗೆ ಸಾಗಿಸುತ್ತಾರಲ್ಲ, ಅಷ್ಟೇ ಜೋಪಾನವಾಗಿ.

ಬೆಂಗಳೂರಿನ ಲಗ್ಗೆರೆಯ ನಮ್ಮ ಬೀದಿಯಲ್ಲಿ ಗಾರ್ಮೆಂಟ್ಸ್‌ಗೆ ಹೋಗುವವರು ಜಾಸ್ತಿ. ಹಿಂದಿನ ಮನೆಯಾಕೆ ಹದಿನಾಲ್ಕು ವರ್ಷದಿಂದ ಶರ್ಟಿಗೆ ಕಾಲರ್ ಹೊಲಿಯುತ್ತಾಳೆ. ಶರ್ಟು ಅಂದರೆ ಇಡೀ ಶರ್ಟಲ್ಲ, ಬರೀ ಕಾಲರ್. ಅವತ್ತು ಡ್ಯೂಟಿ ಮುಗಿಸಿ ಬಂದವಳು, ಸೆರಗಿನ ಮೇಲೆ ದಾರದ ಚೂರು ಹಾಗೇ ಇತ್ತು, ನಮ್ಮ ಮನೆಗೆ ಒಂದು ಲೋಟ ಮೊಸರು ಕೇಳಿಕೊಂಡು ಬಂದಿದ್ದಳು. ಬಾಗಿಲಲ್ಲೇ ನಿಂತು ಟೀವಿ ನೋಡಿ, "ಪಾಪ, ಯಾಕೆ ಮೇಷ್ಟ್ರೇ ಹಂಗೆ ಎತ್ಕೊಂಡ್ ಹೋಗ್ತಾವ್ರೆ? ಸಂಬಳ ಜಾಸ್ತಿ ಮಾಡಿ ಅಂತ ಕೇಳಿದ್ರಾ?" ಅಂದಳು.

ಆಕೆಯ ತಪ್ಪಲ್ಲ. ಆಕೆ ಕಂಡ ಲೋಕದಲ್ಲಿ ಮನುಷ್ಯರನ್ನು ಕೈಕಾಲು ಹಿಡಿದು ಎತ್ತಿಹಾಕುವುದು ಅದೊಂದೇ ಕಾರಣಕ್ಕೆ.

"ಇಲ್ಲಮ್ಮ, ಇವರಿಗೆ ಸಂಬಳ ಆಗಲೇ ಜಾಸ್ತಿ ಆಯ್ತು. ಈ ಗಲಾಟೆ ಬೇರೆ ವಿಷಯಕ್ಕೆ."

"ಜಾಸ್ತಿ ಮಾಡಿದ್ ಯಾವಾಗ?"

"ಇವತ್ತೇ. ಇದೇ ಗಲಾಟೆಯಲ್ಲಿ."

ಆಕೆ ಮೊಸರಿನ ಲೋಟ ಟೀಪಾಯಿ ಮೇಲಿಟ್ಟು ಕೂತಳು.

ಆದದ್ದು ಇಷ್ಟು. ಹನಿಟ್ರ್ಯಾಪ್ ವಿಷಯಕ್ಕೆ, ಸರ್ಕಾರಿ ಗುತ್ತಿಗೆಯಲ್ಲಿ ಮುಸ್ಲಿಮರ ಮೀಸಲಾತಿ ವಿಷಯಕ್ಕೆ ವಿರೋಧ ಪಕ್ಷದವರು ಸದನದ ಬಾವಿಗಿಳಿದಿದ್ದರು. ಕಾಗದ ಹರಿದು ಸ್ಪೀಕರ್ ಪೀಠದ ಕಡೆ ತೂರುತ್ತಿದ್ದರು. ಆ ಕಾಗದದ ಮಳೆಯಲ್ಲೇ ಸಂಬಳದ ಎರಡು ವಿಧೇಯಕಗಳು ಒಂದಿಷ್ಟೂ ನೆನೆಯದೆ ಪಾಸಾದವು. ಮುಖ್ಯಮಂತ್ರಿಗಳ ಸಂಬಳ 75 ಸಾವಿರ ಇದ್ದದ್ದು ಒಂದೂವರೆ ಲಕ್ಷ. ಸಚಿವರದು 60 ಸಾವಿರದಿಂದ 1.25 ಲಕ್ಷ. ಶಾಸಕರದು 40 ಸಾವಿರದಿಂದ 80 ಸಾವಿರ. ಮಾಜಿಗಳಿಗೂ ಮೋಸವಿಲ್ಲ, ಅವರ ಪಿಂಚಣಿ 50 ಸಾವಿರ ಇದ್ದದ್ದು 75 ಸಾವಿರ. ಚರ್ಚೆ? ಆ ಗಲಾಟೆಯಲ್ಲಿ ಚರ್ಚೆ ಮಾಡಿದರೆ ಯಾರಿಗೆ ಕೇಳಿಸುತ್ತೆ, ಹೇಳಿ.

ಅದೇ ದಿನ 18 ಶಾಸಕರನ್ನು ಆರು ತಿಂಗಳಿಗೆ ಅಮಾನತು ಮಾಡಿದರು. ಎರಡು ತಿಂಗಳಲ್ಲಿ ಅದನ್ನು ವಾಪಸ್ ಪಡೆದರು, ಆ ಮಾತು ಬಿಡಿ. ಎತ್ತಿಸಿಕೊಂಡು ಹೋದವರದು, ಎತ್ತಿಕೊಂಡು ಹೋಗಿ ಅಂದವರದು ಇಬ್ಬರದೂ ಸಂಬಳ ಮಾತ್ರ ಒಂದೇ ದಿನ, ಒಂದೇ ಅಳತೆಯಲ್ಲಿ ಏರಿತು. ಪಕ್ಷಭೇದ ಮರೆತು ಕೆಲಸ ಮಾಡುವುದು ಅಂದರೆ ಇದೇ ಅಲ್ವಾ?

ಇದು ಅವತ್ತೊಂದು ದಿನ ಅಚಾನಕ್ ಆದದ್ದು ಅಂದುಕೊಳ್ಳಬೇಡಿ. 2022ರ ಫೆಬ್ರವರಿಯಲ್ಲೂ ಹೀಗೇ ಆಗಿತ್ತು. ಆಗ ಆಳುತ್ತಿದ್ದದ್ದು ಬಿಜೆಪಿ, ಬಾವಿಯಲ್ಲಿದ್ದದ್ದು ಕಾಂಗ್ರೆಸ್. ರಾಷ್ಟ್ರಧ್ವಜದ ಬಗ್ಗೆ ಒಬ್ಬ ಸಚಿವರು ಆಡಿದ ಮಾತಿಗೆ ಅಹೋರಾತ್ರಿ ಧರಣಿ, ಸದನದಲ್ಲೇ ದಿಂಬು ಹೊದಿಕೆ. ಆ ಗದ್ದಲದ ನಡುವೆಯೇ ಶಾಸಕರ ಸಂಬಳ 25 ಸಾವಿರದಿಂದ 40 ಸಾವಿರಕ್ಕೆ, ಮುಖ್ಯಮಂತ್ರಿಗಳದು 50ರಿಂದ 75 ಸಾವಿರಕ್ಕೆ ಹೋಯಿತು. ಆಗಲೂ ಚರ್ಚೆ ಇಲ್ಲ. ಮೂರು ವರ್ಷದಲ್ಲಿ ಕುರ್ಚಿ ಅದಲುಬದಲಾಯಿತು, ಗದ್ದಲದ ಪಾಳಿ ಅದಲುಬದಲಾಯಿತು. ವಿಧೇಯಕ ಮಾತ್ರ ಯಾರ ಪಾಳಿ ಅಂತ ನೋಡಲಿಲ್ಲ.

ಆಕೆ ಲೆಕ್ಕ ಹಾಕುತ್ತಿದ್ದಳು. "ಇಪ್ಪತ್ತೈದು ಇದ್ದದ್ದು ಎಂಬತ್ತಾಯ್ತಾ? ನಂಗೂ ಹಂಗೇ ಮಾಡಿದ್ರೆ?" ಕೊರೊನಾ ಬಂದಾಗ ಆಕೆಗೆ ಸುಮಾರು ಒಂಬತ್ತು ಸಾವಿರ ಸಂಬಳ. ಅದೇ ಲೆಕ್ಕ ಹಿಡಿದರೆ 28,800 ಆಗಬೇಕು. ನಾನು ಹೇಳಿದ ಸಂಖ್ಯೆ ಕೇಳಿ ಆಕೆ ನಕ್ಕಳು. ನಂಬಲಿಲ್ಲ. ಮೇಷ್ಟ್ರಿಗೆ ವಯಸ್ಸಾಯ್ತು, ಗುಣಾಕಾರ ಮರೆತಿದ್ದಾರೆ ಅಂದುಕೊಂಡಿರಬೇಕು.

ಆ ಕೊರೊನಾ ವರ್ಷದ ಸಂಬಳದ ಚೀಟಿಗಳನ್ನು ಆಕೆ ಇನ್ನೂ ಇಟ್ಟಿದ್ದಾಳೆ. ಸೀರೆ ಅಂಗಡಿಯ ಪ್ಲಾಸ್ಟಿಕ್ ಕವರ್, ಒಳಗೆ ರೇಷನ್ ಕಾರ್ಡು, ಮಗಳ ಮಾರ್ಕ್ಸ್ ಕಾರ್ಡು, ಅದರ ನಡುವೆ ನಾಲ್ಕು ಮಡಿಕೆಯ ಚೀಟಿಗಳು. ಬೇಸಿಕ್, ಡಿಎ, ಪಿಎಫ್, ಇಎಸ್ಐ ಅಂತ ಸಾಲುಗಳು. ನನಗೆ ಓದಲು ಕನ್ನಡಕ ಬೇಕಾಯಿತು, ಅಷ್ಟು ಸಣ್ಣ ಅಕ್ಷರ. ಸಂಖ್ಯೆಗಳೂ ಸಣ್ಣವೇ. ಡಿಎ, ಅಂದರೆ ತುಟ್ಟಿಭತ್ಯೆ, ಆ ಸಾಲಿನ ಮೇಲೆ ಪೆನ್ನಲ್ಲಿ ಸುತ್ತು ಹಾಕಿದ್ದಳು.

ಬೆಲೆ ಏರಿದಂತೆ ಪ್ರತಿ ಏಪ್ರಿಲ್‌ಗೆ ಕನಿಷ್ಠ ವೇತನದ ಜೊತೆ ಇಷ್ಟು ತುಟ್ಟಿಭತ್ಯೆ ಸೇರಬೇಕು ಅಂತ ಇದೆ. 2020ರ ಏಪ್ರಿಲ್‌ಗೆ ಸೇರಬೇಕಾಗಿದ್ದದ್ದು ತಿಂಗಳಿಗೆ 417 ರೂಪಾಯಿ 60 ಪೈಸೆ. 26 ದಿನಕ್ಕೆ ಹಂಚಿದರೆ ದಿನಕ್ಕೆ 16 ರೂಪಾಯಿ ಚಿಲ್ಲರೆ. ಆ ಏಪ್ರಿಲ್‌ನಿಂದ ಜೂನ್‌ವರೆಗೆ ದೇಶದ ಜಿಡಿಪಿ ಶೇ 23.9ರಷ್ಟು ಕುಸಿಯಿತು ಅಂತ ಮೊದಲ ಲೆಕ್ಕ ಬಂತು. ಅಷ್ಟು ದೊಡ್ಡ ಕುಸಿತವನ್ನು ತಡೆಯುವುದು ಹೇಗೆ? ನಮ್ಮ ಸರ್ಕಾರಕ್ಕೆ ತಕ್ಷಣ ಹೊಳೆಯಿತು. ಈ ಹದಿನಾರು ರೂಪಾಯಿಯನ್ನು 2021ರ ಮಾರ್ಚ್‌ವರೆಗೆ ಮುಂದೂಡಿತು.

ಆ ವರ್ಷ ಸರ್ಕಾರಕ್ಕೆ ಹೊಳೆದದ್ದು ಅದೊಂದೇ ಅಲ್ಲ. ಮೇ ತಿಂಗಳಲ್ಲಿ ಬಿಲ್ಡರ್‌ಗಳ ಜೊತೆ ಮೀಟಿಂಗ್ ಆಯಿತು, ವಲಸೆ ಕಾರ್ಮಿಕರು ಊರಿಗೆ ಹೋಗುವ ರೈಲುಗಳು ರದ್ದಾದವು. ಜನ ಉಗಿದ ಮೇಲೆ ಮತ್ತೆ ಬಿಟ್ಟರು. ಅದೇ ತಿಂಗಳು ಕಾರ್ಖಾನೆಯಲ್ಲಿ ದಿನಕ್ಕೆ ಹತ್ತು ಗಂಟೆ ದುಡಿಸಬಹುದು ಅಂತ ಆದೇಶ ಬಂತು. ಕೋರ್ಟು ಮೆಟ್ಟಿಲು ಹತ್ತಿದ ಮೇಲೆ ಜೂನ್‌ನಲ್ಲಿ ಅದೂ ವಾಪಸ್.

ಹದಿನಾರು ರೂಪಾಯಿಯ ವಿಷಯವೂ ಹೈಕೋರ್ಟಿಗೆ ಹೋಯಿತು. ಕೊಡಲೇಬೇಕು ಅಂತ ಸೆಪ್ಟೆಂಬರ್‌ನಲ್ಲಿ ಕೋರ್ಟು ಹೇಳಿತು. ಆದರೂ ಹಲವು ಕಾರ್ಖಾನೆಗಳು ಕೊಡಲಿಲ್ಲ. ಇಲ್ಲಿನ ಕೋರ್ಟು ಹೇಳಿದ್ದು ಕೇಳಿಸದವರಿಗೆ, ಹೊರದೇಶದ ಪೇಪರಿನಲ್ಲಿ ದೊಡ್ಡ ದೊಡ್ಡ ಬ್ರಾಂಡ್‌ಗಳ ಹೆಸರು ಬಂದಾಗ ಕಿವಿ ತೆರೆಯಿತು. ಹಿಂದಿನ ಮನೆಯಾಕೆಗೆ ಬಾಕಿ ಕೈಸೇರುವಷ್ಟರಲ್ಲಿ 2022 ಬಂದಿತ್ತು. ಅದೇ ವರ್ಷ ಅತ್ತ ಸದನದಲ್ಲಿ ಒಂದೇ ಏಟಿಗೆ 15 ಸಾವಿರ ಏರಿತಲ್ಲ, ಅದಕ್ಕೆ ಯಾರೂ ಕೋರ್ಟಿಗೆ ಅಲೆಯಬೇಕಾಗಲಿಲ್ಲ.

ನ್ಯಾಯ ಹೇಳಬೇಕು. ಶಾಸಕರೂ 2020ರಲ್ಲಿ ತ್ಯಾಗ ಮಾಡಿದ್ದರು. ಒಂದು ವರ್ಷದ ಮಟ್ಟಿಗೆ ಸಂಬಳದಲ್ಲಿ ಶೇ 30 ಕಡಿತ. ಸಂಸದರೂ ಅಷ್ಟೇ ಬಿಟ್ಟುಕೊಟ್ಟರು. ಪೇಪರಿನಲ್ಲಿ ದಪ್ಪಕ್ಷರದಲ್ಲಿ ಬಂತು, ನಮ್ಮ ಬೀದಿಯ ಇಸ್ತ್ರಿ ಅಂಗಡಿಯವನು ಕಣ್ಣೊರೆಸಿಕೊಂಡ. ತ್ಯಾಗಕ್ಕೆ ಕಡೇ ತಾರೀಖು ಇರಬೇಕು ಅನ್ನುವುದನ್ನು ನಾನು ಆಗ ಕಲಿತೆ. ಮೇಷ್ಟರ ತ್ಯಾಗಕ್ಕೆ ಅದಿರಲಿಲ್ಲ. ನಮ್ಮ ಮೂರು ಕಂತು ಡಿಎ ತಡೆಹಿಡಿದದ್ದು ಒಂದೂವರೆ ವರ್ಷ. ಆಮೇಲೆ ದರ ಏರಿಸಿದರು, ಆ ಹದಿನೆಂಟು ತಿಂಗಳ ದುಡ್ಡು ಮಾತ್ರ ಶಿವಾರ್ಪಣ.

ಬಾಕಿ ಅಂದಾಗ ದೆಹಲಿ ನೆನಪಾಗುತ್ತದೆ. ಅಲ್ಲಿ ನಮ್ಮವರಷ್ಟು ಗಂಟಲು ಹರಿದುಕೊಳ್ಳುವುದೂ ಇಲ್ಲ. 2018ರಲ್ಲೇ ಒಂದು ಏರ್ಪಾಟು ಮಾಡಿಕೊಂಡಿದ್ದಾರೆ. ಐದು ವರ್ಷಕ್ಕೊಮ್ಮೆ ಹಣದುಬ್ಬರದ ಸೂಚ್ಯಂಕ ನೋಡಿ ಸಂಸದರ ಸಂಬಳ ತನ್ನಷ್ಟಕ್ಕೆ ತಾನೇ ಏರುತ್ತದೆ. ನಮ್ಮ ವಿಧೇಯಕ ಪಾಸಾದ ಮೂರನೇ ದಿನ, ಮಾರ್ಚ್ 24ಕ್ಕೆ ಅಲ್ಲೂ ಅಧಿಸೂಚನೆ ಬಂತು. ಒಂದು ಲಕ್ಷ ಇದ್ದದ್ದು 1.24 ಲಕ್ಷ. ಅದೂ ಯಾವಾಗಿನಿಂದ? 2023ರ ಏಪ್ರಿಲ್‌ನಿಂದ. ಅಂದರೆ ಎರಡು ವರ್ಷದ ಬಾಕಿ ಸಮೇತ.

ಇತ್ತ ನಮ್ಮ ಸಾರಿಗೆ ನೌಕರರದು 38 ತಿಂಗಳ ಬಾಕಿ. 2020ರ ಜನವರಿಯಿಂದ 2023ರ ಫೆಬ್ರವರಿವರೆಗಿನದು, ಒಟ್ಟು 1,785 ಕೋಟಿ. ಅದನ್ನು ಕೇಳಿಕೊಂಡು 2025ರ ಆಗಸ್ಟ್ 5ಕ್ಕೆ ಬಸ್ಸು ನಿಲ್ಲಿಸಿದರು. ಹೈಕೋರ್ಟು ಗದರಿತು, ಅವತ್ತೇ ಮುಷ್ಕರ ಮುಗಿಯಿತು. 2021ರ ಏಪ್ರಿಲ್‌ನಲ್ಲಿ ಆರನೇ ವೇತನ ಆಯೋಗದ ಸಂಬಳ ಕೊಡಿ ಅಂತ ಇದೇ ಜನ ಎರಡು ವಾರ ಬಸ್ಸು ನಿಲ್ಲಿಸಿದ್ದರು. ಆಗ ಸಿಕ್ಕಿದ್ದು ವಜಾ, ಅಮಾನತು, ವರ್ಗಾವಣೆ. ಬಡವನ ಕೋಪ ದವಡೆಗೆ ಮೂಲ ಅನ್ನುತ್ತಾರಲ್ಲ, ಕಂಡಕ್ಟರನ ಕೋಪ ಡಿಪೋ ಬದಲಾವಣೆಗೆ ಮೂಲ.

ಆಶಾ ಕಾರ್ಯಕರ್ತೆಯರನ್ನೂ ನೋಡಿ. 2025ರ ಜನವರಿ ಚಳಿಯಲ್ಲಿ ಫ್ರೀಡಂ ಪಾರ್ಕಿನಲ್ಲಿ ಗುಲಾಬಿ ಸೀರೆಯ ಹೆಂಗಸರು ನಾಲ್ಕು ದಿನ ಹಗಲೂ ರಾತ್ರಿ ಕೂತರು. ಕೇಳಿದ್ದು 15 ಸಾವಿರ. ಸಿಕ್ಕಿದ್ದು 10 ಸಾವಿರದ ಭರವಸೆ. ಮಾರ್ಚ್ 7ರ ಬಜೆಟ್‌ನಲ್ಲಿ ಅಂಗನವಾಡಿ ಕಾರ್ಯಕರ್ತೆಯರಿಗೆ ಸಾವಿರ ರೂಪಾಯಿ, ಸಹಾಯಕಿಯರಿಗೆ 750, ಬಿಸಿಯೂಟದ ಅಡುಗೆಯವರಿಗೆ ಸಾವಿರ ಏರಿಸಿದರು. ಈ 750 ಅನ್ನುವ ಸಂಖ್ಯೆಯ ಮುಂದೆ ನಾನು ಬಹಳ ಹೊತ್ತು ಕೂತೆ. ಏಳ್ನೂರು ಸಾಲದು, ಎಂಟ್ನೂರು ಆದರೆ ಬೊಕ್ಕಸ ತಾಳದು, ಏಳ್ನೂರೈವತ್ತೇ ಸರಿ ಅಂತ ಯಾರೋ ಅಧಿಕಾರಿ ತಲೆ ಕೆರೆದುಕೊಂಡು ಕೂಡಿ ಕಳೆದಿರಬೇಕಲ್ವಾ? ಹದಿನಾಲ್ಕೇ ದಿನದ ನಂತರ ಅದೇ ಸದನ ತನ್ನ ಸಂಬಳದ ಲೆಕ್ಕಕ್ಕೆ ಕೂತಾಗ ಅಷ್ಟು ಕಷ್ಟ ಬೀಳಲಿಲ್ಲ. ಎರಡರಿಂದ ಗುಣಿಸಿತು. ಎರಡನೇ ಕ್ಲಾಸಿನ ಮಗ್ಗಿ.

ಬಡಿಸುವವನು ನಮ್ಮವನಾದರೆ ಕೊನೇ ಪಂಕ್ತಿಯಲ್ಲಿ ಕೂತರೂ ಊಟಕ್ಕೆ ಮೋಸವಿಲ್ಲ ಅನ್ನುತ್ತಾರೆ. ಇಲ್ಲಿ ಬಡಿಸುವವನು ನಮ್ಮವನಲ್ಲ, ನಾವೇ. ಶಾಸಕರ ಸಂಬಳ ಎಷ್ಟು ಅಂತ ಶಾಸಕಾಂಗವೇ ಕಾನೂನು ಮಾಡಿಕೊಳ್ಳಬೇಕು ಅಂತ ಸಂವಿಧಾನದ 195ನೇ ವಿಧಿ ಹೇಳುತ್ತದೆ. ಅದನ್ನು ಬರೆದ ಹಿರಿಯರು, ತಾವೇ ಬಡಿಸಿಕೊಳ್ಳುವಾಗ ಮನುಷ್ಯನಿಗೆ ಸ್ವಲ್ಪ ನಾಚಿಕೆ ಇರುತ್ತದೆ ಅಂತ ನಂಬಿದ್ದರೋ ಏನೋ.

ಶಾಸಕರಿಗೂ ಖರ್ಚಿದೆ, ಒಪ್ಪುತ್ತೇನೆ. ಕ್ಷೇತ್ರದಲ್ಲಿ ದಿನಾ ಮದುವೆ, ಗೃಹಪ್ರವೇಶ, ತಿಥಿ. ಮುಯ್ಯಿ ಹಾಕದೆ ಬರುವ ಹಾಗಿಲ್ಲ. ಹುಡುಗರು ಕ್ರಿಕೆಟ್ ಟೂರ್ನಮೆಂಟಿನ ರಸೀದಿ ಪುಸ್ತಕ ಹಿಡಿದು ಬೆಳಗ್ಗೆ ಆರಕ್ಕೇ ಗೇಟಿನಲ್ಲಿರುತ್ತಾರೆ. ಕೈ ಬಾಯಿ ಶುದ್ಧ ಇಟ್ಟುಕೊಂಡು, ಸಂಬಳವನ್ನೇ ನಂಬಿ ಬದುಕುವ ಶಾಸಕರಿದ್ದರೆ 80 ಸಾವಿರ ಖಂಡಿತ ಜಾಸ್ತಿಯಲ್ಲ. ಅಂಥವರನ್ನು ಹುಡುಕೋಣ ಅಂತ ಹೊರಟೆ. 2023ರಲ್ಲಿ ಗೆದ್ದವರು ತಾವೇ ಬರೆದುಕೊಟ್ಟ ಅಫಿಡವಿಟ್‌ಗಳ ಪ್ರಕಾರ ಅವರಲ್ಲಿ ಶೇ 97 ಮಂದಿ ಕೋಟ್ಯಧಿಪತಿಗಳು. ಅಲ್ಲಿಗೆ ನನ್ನ ಹುಡುಕಾಟ ನಿಂತಿತು, ಸುಸ್ತಾಯಿತು.

ಸುಸ್ತು ಅಂದೆ ನೋಡಿ, ಅದಕ್ಕೂ ಅಲ್ಲಿ ವ್ಯವಸ್ಥೆ ಇದೆ. ಅದೇ ಬಜೆಟ್ ಅಧಿವೇಶನಕ್ಕೆ ಊಟವಾದ ಮೇಲೆ ಶಾಸಕರು ಒಂದು ಗಳಿಗೆ ಒರಗಿಕೊಳ್ಳಲಿ ಅಂತ ರಿಕ್ಲೈನರ್ ಕುರ್ಚಿಗಳನ್ನು ಬಾಡಿಗೆಗೆ ತರಿಸುವ ಯೋಜನೆ ಹಾಕಿದ್ದರು. ಊಟ ಮಾಡಿ ಮನೆಗೆ ಹೋದವರು ವಾಪಸ್ ಬರುವುದಿಲ್ಲ, ಹಾಜರಿ ಕಡಿಮೆ ಆಗುತ್ತದೆ, ಅದಕ್ಕೆ. ಇದನ್ನು ಹೇಳಿದಾಗ ಹಿಂದಿನ ಮನೆಯಾಕೆ ಬಹಳ ಹೊತ್ತು ಸುಮ್ಮನಿದ್ದಳು. ಅವಳ ಕಾರ್ಖಾನೆಯಲ್ಲಿ ಊಟಕ್ಕೆ ಅರ್ಧ ಗಂಟೆ. ಬಾತ್‌ರೂಮಿಗೆ ಎದ್ದರೆ ಸೂಪರ್‌ವೈಸರ್ ಗಡಿಯಾರ ನೋಡುತ್ತಾನೆ. ಹಾಜರಿ ಕಡಿಮೆಯಾದರೆ ಕುರ್ಚಿ ಬರುವುದಿಲ್ಲ, ಸಂಬಳ ಹೋಗುತ್ತದೆ.

"ಅಲ್ಲಿ ಹೆಂಗ್ ಪಾಸ್ ಮಾಡ್ತಾರೆ ಮೇಷ್ಟ್ರೇ? ಸೈನ್ ಹಾಕ್ಬೇಕಾ?" ಅಂದಳು.

"ಏನಿಲ್ಲಮ್ಮ. ಎಲ್ಲರೂ ಕೂಗಾಡುತ್ತಿರುತ್ತಾರೆ. ಪೀಠದಲ್ಲಿರುವವರು, ಹೌದು ಎನ್ನುವವರು ಹೌದು ಎನ್ನಿ ಅಂತಾರೆ. ಒಂದಷ್ಟು ಜನ ಹೌದು ಅಂತಾರೆ. ಆಯ್ತು."

"ಅಷ್ಟೇನಾ?"

"ಅಷ್ಟೇ. ಸುತ್ತ ಗಲಾಟೆ ಇರಬೇಕು, ಅದು ಮುಖ್ಯ."

"ಗಲಾಟೆ ನಮ್ಮಲ್ಲೂ ಐತಲ್ಲ" ಅಂದು ಮೊಸರು ತೆಗೆದುಕೊಂಡು ಹೋದಳು.

ಸೋಮವಾರ ಸಂಜೆ ಲೋಟ ವಾಪಸ್ ಕೊಡಲು ಬಂದಾಗ ಮುಖದಲ್ಲಿ ತುಂಟ ನಗು. ಬೆಳಗ್ಗೆ ಮಾಡಿಯೇ ನೋಡಿದಳಂತೆ. ನೂರಾರು ಮಿಷನ್ ಒಟ್ಟಿಗೆ ಗರಗರ ಅನ್ನುತ್ತಿವೆ. ಗಂಟೆಯ ಟಾರ್ಗೆಟ್ ಮುಟ್ಟಿಲ್ಲ ಅಂತ ಸೂಪರ್‌ವೈಸರ್ ಲೈನಿನ ತುದಿಯಲ್ಲಿ ನಿಂತು ಬಾಯಿ ಮಾಡುತ್ತಿದ್ದಾನೆ. ಗದ್ದಲ ಸಾಕಷ್ಟಾಯಿತು ಅನ್ನಿಸಿದಾಗ ಈಕೆ ಕಾಲರ್ ಹೊಲಿಯುತ್ತಲೇ, "ನಮ್ ಸಂಬಳ ಡಬಲ್, ಹೌದು ಅನ್ನೋರು ಹೌದು ಅನ್ರೇ" ಅಂದಳು. ಹಿಂದಿನ ಮಿಷನ್ನಿನವಳು ಹೌದು ಅಂದಳು. ಅದರ ಹಿಂದಿನವಳೂ ಹೌದು ಅಂದಳು. ತೋಳು ಕೂಡಿಸುವವಳು, ಗುಂಡಿ ಹಾಕುವವಳು, ಏನು ಎತ್ತ ಗೊತ್ತಿಲ್ಲದ ಹೆಲ್ಪರ್ ಹುಡುಗಿಯೂ ಹೌದು ಹೌದು ಅಂದರು.

ಸೂಪರ್‌ವೈಸರ್ ತಿರುಗಿದ. "ಏನದು? ಏನಂದೆ?"

"ದಾರ ಮುಗೀತು ಅಂದೆ ಸಾರ್."

ಒಂದು ಕೋನ್ ದಾರ ತಂದುಕೊಟ್ಟನಂತೆ.