ಸ್ನಾತಕೋತ್ತರ ಪ್ರಬಂಧಕ್ಕೂ ಪ್ರಶಸ್ತಿ ಬೇಕೇ?

ಪರ: ಬೀರುವಿನ ಬಾಗಿಲು ತೆಗೆಯಲಿ
(ಸಾಗರ ಸೀಮೆಯ ಅಡಿಕೆ ಬೆಳೆಗಾರ)

ಘಟಿಕೋತ್ಸವದಲ್ಲಿ ಅಂಕಕ್ಕೆ ಚಿನ್ನದ ಪದಕವಿದೆ. ಒಬ್ಬರೇ ಐದಾರು ಪದಕ ಕೊರಳಿಗೆ ಹಾಕಿಕೊಂಡ ಫೋಟೊ ಮರುದಿನದ ಪತ್ರಿಕೆಯಲ್ಲಿ ಬರುತ್ತದೆ. ತೋಟ, ಕಾಡು ಸುತ್ತಿ ಪ್ರಬಂಧ ಬರೆದವರಿಗೆ ಏನಿದೆ? ಮೂರು ಪ್ರತಿ, ರೆಕ್ಸಿನ್ ಹೊದಿಕೆ, ಮೇಲೆ ಬಂಗಾರದ ಬಣ್ಣದ ಅಕ್ಷರ. ಪಿಎಚ್.ಡಿ. ಪ್ರಬಂಧವಾದರೆ ಶೋಧಗಂಗಾ ಜಾಲತಾಣಕ್ಕಾದರೂ ಏರುತ್ತದೆ. ಎಂ.ಎಸ್ಸಿ.ಯದು ಬೀರು ಸೇರುತ್ತದೆ.

ಕೆಲವು ವರ್ಷಗಳ ಹಿಂದೆ ಎಂ.ಎಸ್ಸಿ. ಕೃಷಿ ಓದುತ್ತಿದ್ದ ಹುಡುಗಿಯೊಬ್ಬಳು, ಮಳೆಗಾಲದಲ್ಲಿ ಅಡಿಕೆ ಕಾಯಿ ಕೊಳೆತು ಉದುರುವ ಕೊಳೆರೋಗದ ಅಧ್ಯಯನಕ್ಕೆಂದು ನಮ್ಮ ತೋಟಕ್ಕೆ ಬಂದಳು. ಅರವತ್ತು ಮರಗಳಿಗೆ ಬಣ್ಣದ ರಿಬ್ಬನ್ ಕಟ್ಟಿದಳು. ಕೆಲವಕ್ಕೆ ಮೈಲುತುತ್ತ-ಸುಣ್ಣದ ಬೋರ್ಡೋ ದ್ರಾವಣ, ಕೆಲವಕ್ಕೆ ಗೊನೆಗೆ ಹೊದಿಸಿ ಕಟ್ಟುವ ಕೊಟ್ಟೆ, ಉಳಿದವಕ್ಕೆ ಏನೂ ಇಲ್ಲ. ಆಷಾಢದ ಮಳೆಯಲ್ಲಿ ಕಂಬಳಿಕೊಪ್ಪೆ ಹೊದ್ದು, ಮರದ ಬುಡದಲ್ಲಿ ಕುಕ್ಕರಗಾಲಿನಲ್ಲಿ ಕೂತು ಉದುರಿದ ಕಾಯಿ ಎಣಿಸುತ್ತಿದ್ದಳು. ಉಂಬಳ ಕಚ್ಚಿ ಪಾದ ಕೆಂಪಾಗಿರುತ್ತಿತ್ತು. ಒಂದು ದಿನ ಊಟಕ್ಕೆ ಕೂತವಳು ಎಣಿಕೆ ತಪ್ಪಿದೆ ಎನ್ನುತ್ತ ಎದ್ದು ಮತ್ತೆ ತೋಟಕ್ಕೆ ಇಳಿದಳು. ಎಲೆಯಲ್ಲಿ ಅನ್ನ ಆರುತ್ತಿತ್ತು. ನನ್ನ ಹೆಂಡತಿ ಬೈದ ಬೈಗುಳ ಮಳೆಯ ಸದ್ದಿಗೆ ಅವಳಿಗೆ ಕೇಳಿಸಿರಲಿಕ್ಕಿಲ್ಲ.

ಪ್ರಬಂಧ ಮುಗಿಯಿತು. ಬ್ಯಾಂಕಿನಲ್ಲಿ ಕೃಷಿ ಅಧಿಕಾರಿಯ ಕೆಲಸ ಸಿಕ್ಕಿತು. ಈಗ ದೂರದ ಯಾವುದೋ ರಾಜ್ಯದಲ್ಲಿ ಟ್ರ್ಯಾಕ್ಟರ್ ಸಾಲ ಕೊಡುತ್ತಾಳೆ. ಫೋನ್ ಮಾಡಿ ಫಲಿತಾಂಶ ಕೇಳಿದೆ. ‘ಅಂಕಿಗಳೆಲ್ಲ ಮರೆತೇಹೋಗಿವೆ, ಪ್ರತಿ ಕಾಲೇಜಿನಲ್ಲಿದೆ, ನೋಡಿ’ ಎಂದಳು. ಕಾಲೇಜಿಗೆ ಹೋದೆ. ಬೀರುವಿಗೆ ಬೀಗ. ಬೀಗದ ಕೈ ಇದ್ದವರು ರಜೆಯಲ್ಲಿದ್ದರು.

ಕೃಷಿ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರಲ್ಲಿ ಮೈಸೂರು ಸಂಸ್ಥಾನದ ಕೊಳೆರೋಗದ ಬಗ್ಗೆ ಬರೆದದ್ದು ಅಚ್ಚಾಗಿದ್ದರಿಂದ ಉಳಿಯಿತು. ಈ ಹುಡುಗಿಯದೂ ಅಚ್ಚಾಗಬೇಕಿತ್ತು. ಶಂಕರಘಟ್ಟದ ಕುವೆಂಪು ವಿಶ್ವವಿದ್ಯಾಲಯದವರಾಗಲಿ ಇರುವಕ್ಕಿಯ ಕೃಷಿ-ತೋಟಗಾರಿಕೆ ವಿಶ್ವವಿದ್ಯಾಲಯದವರಾಗಲಿ, ವರ್ಷಕ್ಕೆ ನಾಲ್ಕು ಒಳ್ಳೆಯ ಪ್ರಬಂಧ ಆರಿಸಿ, ಸಾರವನ್ನು ಕನ್ನಡದಲ್ಲಿ ಮುದ್ರಿಸಿ, ಬರೆದವರನ್ನು ವೇದಿಕೆ ಹತ್ತಿಸಲಿ. ಹಣ ಎಷ್ಟಾದರೂ ಆಗಲಿ. ಪ್ರಶಸ್ತಿ ಬಂದ ಪ್ರಬಂಧವನ್ನು ಯಾರೂ ಬೀರುವಿನಲ್ಲಿ ಇಡುವುದಿಲ್ಲ.

ವಿರೋಧ: ಇನ್ನೊಂದು ಪದಕವೇ?
(ಶಿವಮೊಗ್ಗದ ಕನ್ನಡ ಅಧ್ಯಾಪಕ)

‘ಪರ’ ಬರೆಯುವವರು ಆಗಲೇ ಸಿಕ್ಕಿದ್ದಾರೆ, ನೀವು ವಿರೋಧ ಬರೆಯಿರಿ ಎಂದು ಸಂಪಾದಕರು ಹೇಳಿದ್ದರಿಂದ ಬರೆಯುತ್ತಿದ್ದೇನೆ.

ಪಕ್ಕದ ಲೇಖಕರ ಮಾತು ಕೇಳಿದರೆ ಪದಕ ಕೊಟ್ಟ ಮರುದಿನವೇ ಕೊಳೆರೋಗ ವಾಸಿಯಾಗುವಂತಿದೆ. ಬೀರುವಿಗೆ ಬೇಕಾದದ್ದು ಬೀಗದ ಕೈ. ಜಾಲತಾಣಕ್ಕೆ ಹಾಕಿದರೆ ಅದೂ ಬೇಡ.

ಆರಿಸುವುದು ಹೇಗೆ? ಅಡಿಕೆಯ ಪ್ರಬಂಧವನ್ನೂ ಜೋಗಿ ಪದಗಳ ಪ್ರಬಂಧವನ್ನೂ ಒಂದೇ ತಕ್ಕಡಿಯಲ್ಲಿ ತೂಗುವವರು ಯಾರು? ಒಮ್ಮೆ ಎಂ.ಎ. ಪ್ರಬಂಧಗಳ ಮೌಲ್ಯಮಾಪನಕ್ಕೆ ಹೋಗಿದ್ದೆ. ಎರಡು ದಿನದಲ್ಲಿ ಹದಿನೆಂಟು ಮುಗಿಸಬೇಕಿತ್ತು. ಒಬ್ಬ ಹುಡುಗ ಕೃತಜ್ಞತೆಯ ಪುಟದಲ್ಲಿ ‘ತಾಳ್ಮೆಯಿಂದ ಸಹಕರಿಸಿದ ನನ್ನ ಪತಿಗೆ’ ವಂದನೆ ಹೇಳಿದ್ದ. ಹಿಂದಿನ ವರ್ಷದ ಯಾರದೋ ಪ್ರತಿ. ಮೌಖಿಕ ಪರೀಕ್ಷೆಯಲ್ಲಿ ಆ ಪುಟ ತೆರೆದು ಅವನ ಮುಂದೆ ಇಟ್ಟೆ. ಓದಿದ, ಮೇಜಿನ ಮೇಲಿದ್ದ ನೀರು ಕುಡಿದ. ಪಕ್ಕದಲ್ಲಿದ್ದ ಮಾರ್ಗದರ್ಶಕರು ‘ಟೈಪಿಂಗ್ ತಪ್ಪು’ ಎಂದರು. ಆ ವರ್ಷದ ಅತ್ಯುತ್ತಮ ಪ್ರಬಂಧವೆಂದು ಅವರು ನನ್ನ ಕಿವಿಯಲ್ಲಿ ಹೇಳಿದ್ದು ಅದೇ ಹುಡುಗನದನ್ನು.

ಕಂಬಳಿಕೊಪ್ಪೆಯ ಆ ಹುಡುಗಿಗೆ ಪ್ರಶಸ್ತಿ ಕೊಡುವುದಾದರೆ ನನ್ನ ತಕರಾರಿಲ್ಲ. ಆದರೆ ಅವಳ ಹೆಸರನ್ನು ಸಮಿತಿಗೆ ಕಳುಹಿಸಬೇಕಾದವರು ಇಂಥ ಮಾರ್ಗದರ್ಶಕರೇ.