ಮುದ್ದೆ ನುಂಗಿದ ಮೇಲೆ

ಹಾಸನದ ಕಡೆ ಮುದ್ದೆಯನ್ನು ಯಾರೂ ಅಗಿಯುವುದಿಲ್ಲ. ಸಾರಿಗೆ ಅದ್ದಿ ನುಂಗುವುದಷ್ಟೇ. ಅಗಿಯುತ್ತಾ ಕೂತವರನ್ನು ನೋಡಿದರೆ ಹೊಸಬರು ಅಂತ ಗೊತ್ತಾಗಿಬಿಡುತ್ತದೆ. ನುಂಗಿದ್ದು ಆಮೇಲೆ ಏನಾಯಿತು ಅಂತ ಕೇಳುವವರು ಕಮ್ಮಿ.

ಜಿಮ್‌ಗೆ ಹೋಗುವ ಅಕ್ಕನ ಮಗ ಒಂದು ಡಬ್ಬಿ ತಂದಿದ್ದಾನೆ. "ಮಾಮ, ಇದರಲ್ಲಿ ಅಮೈನೋ ಆಮ್ಲ ಬಿಡಿಬಿಡಿಯಾಗೇ ಇರುತ್ತೆ. ಜೀರ್ಣ ಆಗೋ ರಗಳೆನೇ ಇಲ್ಲ" ಅಂತಾನೆ. ಪಕ್ಕದಲ್ಲೇ ಅಕ್ಕ ನೆನೆಸಿದ ಅವರೆಕಾಳು ಹಿದುಕುತ್ತಿದ್ದಳು. ಹೆಬ್ಬೆರಳು ಒತ್ತಿದ ಕೂಡಲೇ ಬೇಳೆ ಪುಳಕ್ಕನೆ ಪಾತ್ರೆಗೆ ಹಾರುತ್ತದೆ, ಸಿಪ್ಪೆ ಬೆರಳಲ್ಲೇ ಉಳಿಯುತ್ತದೆ. ಡಬ್ಬಿಯ ಬೆಲೆ ಕೇಳಿ ಅವಳು ಮಾತಾಡಲಿಲ್ಲ. ಇನ್ನಷ್ಟು ಜೋರಾಗಿ ಹಿದುಕಿದಳು.

ಅವರೆಯ ಪ್ರೋಟೀನು ಅಮೈನೋ ಆಮ್ಲಗಳ ಉದ್ದ ಸರ. ಹಸಿ ಕಾಳಿನಲ್ಲಿ, ಈ ಸರವನ್ನು ಕತ್ತರಿಸುವ ಟ್ರಿಪ್ಸಿನ್ ಅನ್ನೋ ಕಿಣ್ವಕ್ಕೆ ಅಡ್ಡಗಾಲು ಹಾಕುವ ಪದಾರ್ಥವೂ ಇರುತ್ತದೆ. ಚೆನ್ನಾಗಿ ಬೇಯಿಸಿದರೆ ಅದರ ಕಾಟ ತಗ್ಗುತ್ತದೆ. ಹೊಟ್ಟೆಯಲ್ಲಿ ಪೆಪ್ಸಿನ್, ಮುಂದೆ ಮೇದೋಜೀರಕದಿಂದ ಬಂದ ಟ್ರಿಪ್ಸಿನ್ ಮತ್ತದರ ಬಳಗ ಸರವನ್ನು ತುಂಡು ಮಾಡುತ್ತವೆ. ಉಳಿದ ಕೆಲಸ ಸಣ್ಣ ಕರುಳಿನದು. ಸುಮಾರು 6 ಮೀಟರ್ ಉದ್ದ, ಒಳಮೈ ತುಂಬ ಸುಮಾರು ಒಂದು ಮಿಲಿಮೀಟರ್ ಉದ್ದದ ಎಳೆಗಳು.

ತುಂಡಾದವು ಕರುಳಿನ ಜೀವಕೋಶದ ಒಳಗೆ ಹೋಗುವ ರೀತಿಯೇ ಸ್ವಾರಸ್ಯ. ಒಂಟಿ ಅಮೈನೋ ಆಮ್ಲಗಳಿಗೆ ಜಾತಿಗೊಂದು ಬಾಗಿಲು. ಅವುಗಳಲ್ಲಿ ಬಹಳಷ್ಟು ಬಾಗಿಲು ತೆರೆಯಬೇಕಾದರೆ ಜೊತೆಗೆ ಸೋಡಿಯಂ ಬರಬೇಕು. ಒಂದೇ ಬಾಗಿಲಿಗೆ ನಾಲ್ಕು ಜನ ಬಂದರೆ ನೂಕುನುಗ್ಗಲು. ಆದರೆ ಎರಡೋ ಮೂರೋ ಅಂಟಿಕೊಂಡೇ ಬಂದ ತುಣುಕುಗಳಿಗೆ ಬೇರೆಯೇ ಬಾಗಿಲಿದೆ, ಹೆಸರು ಪೆಪ್ಟ್-1. ಅದು ಜಾತಿ ಕೇಳುವುದಿಲ್ಲ. ಹೈಡ್ರೋಜನ್ ಅಯಾನಿನ ಜೊತೆ ಒಳಗೆ ಬಿಟ್ಟುಕೊಳ್ಳುತ್ತದೆ, ಬಿಡಿಸುವ ಕೆಲಸ ಜೀವಕೋಶದ ಒಳಗೆ ನಡೆಯುತ್ತದೆ. ಹಾಗಾಗಿ ಎಷ್ಟೋ ಸಲ ಒಂಟಿಯಾಗಿ ಬಂದವಕ್ಕಿಂತ ಜೋಡಿಯಾಗಿ ಬಂದವೇ ಬೇಗ ಒಳಗೆ ಸೇರುತ್ತವೆ. ಡಬ್ಬಿಯವರು ಇದನ್ನು ಬರೆದಿರಲ್ಲ, ಅಲ್ವಾ?

ಹಾರ್ಟ್‌ನಪ್ ಅಂತ ಒಂದು ಕಾಯಿಲೆ ಇದೆ. 1956ರಲ್ಲಿ ಲಂಡನ್ನಿನ ವೈದ್ಯರು ಅದೇ ಹೆಸರಿನ ಕುಟುಂಬದಲ್ಲಿ ಕಂಡದ್ದು. ಟ್ರಿಪ್ಟೋಫ್ಯಾನ್‌ನಂಥ ಕೆಲವು ಅಮೈನೋ ಆಮ್ಲಗಳ ಒಂಟಿ ಬಾಗಿಲು ಈ ಕಾಯಿಲೆ ಇದ್ದವರಲ್ಲಿ ಕೆಟ್ಟಿರುತ್ತದೆ. ಆದರೂ ಚೆನ್ನಾಗಿ ಪ್ರೋಟೀನ್ ತಿಂದರೆ ಬಹಳ ಜನ ಆರಾಮಾಗಿರುತ್ತಾರೆ. ಜೋಡಿ ಬಾಗಿಲು ತೆರೆದೇ ಇರುತ್ತದಲ್ಲ.

ಕರುಳಿನ ಜೀವಕೋಶಗಳೂ ಸುಮ್ನೆ ದುಡಿಯುವುದಿಲ್ಲ. ಬಂದ ಗ್ಲುಟಮಿನ್ ಅನ್ನೋ ಅಮೈನೋ ಆಮ್ಲದಲ್ಲಿ ದೊಡ್ಡ ಪಾಲನ್ನು ತಾವೇ ಇಟ್ಟುಕೊಂಡು ಉಳಿದದ್ದನ್ನು ಯಕೃತ್ತಿಗೆ ಕಳಿಸುತ್ತವೆ. ಕೆಲವೇ ದಿನಗಳಲ್ಲಿ ಉದುರಿಯೂ ಹೋಗುತ್ತವೆ. ಉದುರಿದವನ್ನೂ, ಕೆಲಸ ಮುಗಿಸಿದ ಟ್ರಿಪ್ಸಿನ್ನನ್ನೂ ಕರುಳು ಬಿಡುವುದಿಲ್ಲ. ಅವೂ ಪ್ರೋಟೀನೇ ತಾನೆ, ಅವರೆಬೇಳೆಯ ಜೊತೆ ಅವನ್ನೂ ಕತ್ತರಿಸಿ ಒಳಗೆ ಎಳೆದುಕೊಳ್ಳುತ್ತದೆ.