ತಂಬಾಕು ಬೆಳೆಗಾರರನ್ನು ಬೈಯುವ ಮುನ್ನ

ಮೆಕ್ಕೆಜೋಳದ ದರ ಕುಸಿದಾಗಲೆಲ್ಲ ನಮ್ಮ ದಾವಣಗೆರೆಯ ಕಡೆ ಮೈಸೂರು ಜಿಲ್ಲೆಯ ಹುಣಸೂರು, ಪಿರಿಯಾಪಟ್ಟಣದ ತಂಬಾಕು ಬೆಳೆಗಾರರ ಮಾತು ಬಂದೇ ಬರುತ್ತದೆ. ವಿಷ ಬೆಳೆದು ದುಡ್ಡು ಎಣಿಸುವವರು ಎಂಬುದು ಆ ಮಾತಿನ ಧಾಟಿ. ಆದರೆ ಆ ರೈತರನ್ನು ತಂಬಾಕಿಗೆ ಕಟ್ಟಿಹಾಕಿರುವುದು ದುಡ್ಡಿನ ಆಸೆಗಿಂತ ಹೆಚ್ಚಾಗಿ ಖಾತ್ರಿಯಾದ ಮಾರುಕಟ್ಟೆ ಎಂದು ನನಗೆ ಅನ್ನಿಸುತ್ತದೆ.

ಪೋರ್ಚುಗೀಸರ ಹಡಗುಗಳಲ್ಲಿ ಬಂದ ಹೊಗೆಸೊಪ್ಪು ನಮ್ಮ ಎಲೆ ಅಡಿಕೆಯ ಚೀಲ ಸೇರಿ ಕೆಲವು ಶತಮಾನಗಳೇ ಆದವು. ಸಿಗರೇಟಿಗೆ ಬೇಕಾದ ವರ್ಜೀನಿಯಾ ತಂಬಾಕಿನ ಕಥೆ ಮಾತ್ರ ಈಚಿನದು. 1920ರ ದಶಕದಲ್ಲಿ ಗುಂಟೂರು ಸೀಮೆಯಲ್ಲಿ ನೆಲೆಯೂರಿದ ಅದು ಆಮೇಲೆ ಮೈಸೂರು ಸೀಮೆಯ ಕೆಂಪು ನೆಲಕ್ಕೆ ಬಂದು, ಮುಂಗಾರು ಮಳೆಯನ್ನೇ ನಂಬಿದ ಸಣ್ಣ ಹಿಡುವಳಿದಾರರ ಬೆಳೆಯಾಯಿತು.

ಪಿರಿಯಾಪಟ್ಟಣದ ಹತ್ತಿರ ನಮ್ಮ ಬೀಗರ ಮನೆಯಲ್ಲಿ ಎಲೆ ಹದ ಮಾಡುವುದನ್ನು ನಾನು ಕಂಡಿದ್ದೇನೆ. ಕಡ್ಡಿಗಳಿಗೆ ಕಟ್ಟಿದ ಹಸಿರೆಲೆಯನ್ನು ಬ್ಯಾರನ್ನಿನೊಳಗೆ (ಎಲೆ ಒಣಗಿಸುವ ಎತ್ತರದ ಕೊಠಡಿ) ಸೂರಿನವರೆಗೂ ಸಾಲುಸಾಲಾಗಿ ತೂಗುಹಾಕಿ, ಕೆಳಗಿನ ತಗಡಿನ ಕೊಳವೆಗಳಿಗೆ ಹೊರಗಿನ ಒಲೆಯಿಂದ ಬಿಸಿ ಹಾಯಿಸುತ್ತಾರೆ. ಎಲೆ ಹಳದಿಗೆ ತಿರುಗುವವರೆಗೆ ಹಿತವಾದ ಬಿಸಿ ಸಾಕು. ಕೊನೆಯಲ್ಲಿ ನಡುದಂಟು ಒಣಗಲು 70 ಡಿಗ್ರಿಯ ಆಸುಪಾಸಿಗೆ ಏರಿಸಬೇಕು. ಐದಾರು ದಿನ ಹಗಲಿರುಳೂ ಒಲೆ ಕಾಯುವ ಕೆಲಸವಿದು. "ಈಗ ಕಣ್ಮುಚ್ಚುದ್ರೆ ಎಲೆ ಕಪ್ಪಾಯ್ತದೆ ಕಣಣ್ಣ" ಎಂದು ಆ ಮನೆಯ ಹೆಣ್ಣುಮಗಳು ನಡುರಾತ್ರಿಯಲ್ಲಿ ಮತ್ತೊಂದು ಕೊರಡನ್ನು ಒಲೆಗೆ ತಳ್ಳಿದರು. ಒಂದು ಕಿಲೋ ಹದವಾದ ಎಲೆಗೆ ನಾಲ್ಕೈದು ಕಿಲೋ ಸೌದೆ ಉರಿಯುತ್ತದೆ. ಒದ್ದೆ ಎಲೆ ಮುರಿಯುವವರಿಗೆ ಚರ್ಮದ ಮೂಲಕವೇ ನಿಕೋಟಿನ್ ಏರಿ ತಲೆಸುತ್ತು, ವಾಂತಿ ಬರುತ್ತದೆ. ಇದನ್ನು ಸುಖದ ಬೆಳೆ ಎನ್ನುವವರು ಒಂದು ರಾತ್ರಿ ಆ ಒಲೆಯ ಮುಂದೆ ಕೂತು ನೋಡಲಿ.

ಆದರೂ ಅವರು ಬಿಡುವುದಿಲ್ಲ, ಕಾರಣ ಆ ಖಾತ್ರಿಯ ಮಾರುಕಟ್ಟೆ. 1975ರ ಕಾಯ್ದೆಯಂತೆ 1976ರಲ್ಲಿ ಕೇಂದ್ರದ ತಂಬಾಕು ಮಂಡಳಿ ಬಂತು. 1984ರಲ್ಲಿ ಕರ್ನಾಟಕದಲ್ಲಿ ಅದರ ಹರಾಜು ಶುರುವಾಯಿತು. ಅಲ್ಲಿಯವರೆಗೆ ವ್ಯಾಪಾರಿ ಹೇಳಿದ್ದೇ ದರ್ಜೆ, ಕೊಟ್ಟದ್ದೇ ಬೆಲೆ. ಹರಾಜು ಕಟ್ಟೆ ಬಂದ ಮೇಲೆ ಕಂಪನಿಗಳು ಎಲ್ಲರೆದುರು ಬೆಲೆ ಕೂಗಬೇಕಾಯಿತು, ದರ ಒಪ್ಪದ ರೈತ ತನ್ನ ಬೇಲನ್ನು (ಎಲೆಯ ಕಟ್ಟು) ವಾಪಸು ಒಯ್ಯುವಂತಾಯಿತು. ದರ ಬಿದ್ದ ವರ್ಷಗಳಲ್ಲಿ ಅಲ್ಲೂ ಪ್ರತಿಭಟನೆ ನಡೆದಿದೆ ಎಂಬುದು ನಿಜವೇ. ಆದರೆ ಮಂಡಳಿಯ ಹರಾಜಿಗೆ ಒಳಪಡದ ಬೀಡಿ ತಂಬಾಕಿನ ಗತಿ ನೋಡಿ: ನಿಪ್ಪಾಣಿಯ ರೈತರು ನ್ಯಾಯವಾದ ಬೆಲೆಗಾಗಿ 1981ರಲ್ಲಿ ಹೆದ್ದಾರಿಯಲ್ಲಿ ಕೂರಬೇಕಾಯಿತು, ಪೊಲೀಸರ ಗುಂಡಿಗೆ ಪ್ರಾಣ ತೆರಬೇಕಾಯಿತು. ದಾವಣಗೆರೆ, ಹರಿಹರದ ಹೆಣ್ಣುಮಕ್ಕಳು ಮನೆಯಲ್ಲಿ ಕೂತು ಕಟ್ಟುವ ಬೀಡಿಯೊಳಗೆ ತುಂಬುವುದು ಆ ಬಗೆಯ ತಂಬಾಕನ್ನೇ.

ತಂಬಾಕು ನಿಯಂತ್ರಣದ ಅಂತರರಾಷ್ಟ್ರೀಯ ಒಪ್ಪಂದವನ್ನು ಭಾರತ 2004ರಲ್ಲೇ ಅನುಮೋದಿಸಿದೆ. ಬೆಳೆಗಾರರಿಗೆ ಪರ್ಯಾಯ ಜೀವನೋಪಾಯಕ್ಕೆ ಉತ್ತೇಜನ ಕೊಡಬೇಕೆಂದು ಅದರ 17ನೇ ವಿಧಿ ಹೇಳುತ್ತದೆ. ತಂಬಾಕಿನ ಹೊಲ ಕಡಿಮೆಯಾಗಲೇಬೇಕು, ಆ ವಿಷಯದಲ್ಲಿ ನನ್ನ ತಕರಾರಿಲ್ಲ. ಆದರೆ ತಂಬಾಕು ಬಿಟ್ಟು ಮೆಕ್ಕೆಜೋಳ ಬಿತ್ತಿ ಎಂದು ಸಲಹೆ ಕೊಡುವವರಿಗೆ ನಮ್ಮ ಊರಿನ ಲೆಕ್ಕವನ್ನಷ್ಟೇ ತೋರಿಸುತ್ತೇನೆ: 2025-26ನೇ ಸಾಲಿಗೆ ಘೋಷಿಸಿದ ಬೆಂಬಲ ಬೆಲೆ ಕ್ವಿಂಟಲ್‌ಗೆ 2,400 ರೂಪಾಯಿ, ಪೇಟೆಯಲ್ಲಿ ರೈತರು ಮಾರಿದ್ದು ಅದಕ್ಕಿಂತ ಎಷ್ಟೋ ಕಡಿಮೆಗೆ.